ತಗಾದೆ

ಗುಳೇದಗುಡ್ಡದ ನಮ್ಮ ಖಣದ ಅಂಗಡಿಯಲ್ಲಿ
ಒಂದು ಆರ್ಡರು ಐದು ಸಲ ಹುಟ್ಟುತ್ತಿತ್ತು.
ವಾಟ್ಸಾಪಿನಲ್ಲಿ ಒಮ್ಮೆ,
ನನ್ನ ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಒಮ್ಮೆ,
ಆಮೇಲೆ ಖಾತೆ ಪುಸ್ತಕ, ಟ್ಯಾಲಿ,
ಕೊನೆಗೆ ಪಾರ್ಸಲ್ಲಿನ ಚೀಟಿ.
ಹುಟ್ಟಿದಾಗೆಲ್ಲ ತುಸು ಬೇರೆ ಮುಖ.
ಬಾರ್ಶಿಗೆ ಹೋಗಬೇಕಾದ ಆನೆಹೆಜ್ಜೆಯ ನಲವತ್ತು ಖಣ
ಬಾದಾಮಿಗೆ ಹೋಗಿ ಮರಳಿ ಬಂದಿತ್ತು,
ಮಡಿಕೆ ಮಾಸಿ.

ಮೂರು ರಾತ್ರಿ ಕೂತೆ.
ಮುರಿಗೆಪ್ಪಣ್ಣನ ಮೊಮ್ಮಗ ಬಿಟ್ಟುಕೊಟ್ಟ ಲ್ಯಾಪ್‌ಟಾಪು,
ಚಾರ್ಜರಿನ ವೈರಿಗೆ ಕರೀ ಟೇಪು.
ಇದು ಬಂದರೆ ಅಲ್ಲಿ ಬರೆ,
ಅಲ್ಲಿ ಬರೆದರೆ ಬಿಲ್ಲು ಮಾಡು,
ಇಷ್ಟು ದಿನ ಮೀರಿದರೆ ಕೇಳು:
ಇಷ್ಟೇ ಮಾತು, ಹೇಳಿಕೊಡಲು ಮೂರು ರಾತ್ರಿ.
ಹಿಂದಿನ ಓಣಿಯ ಕುಣಿಮಗ್ಗ ಹನ್ನೊಂದಕ್ಕೆ ಸುಮ್ಮನಾಗುತ್ತಿತ್ತು,
ನಾನು ಆಗುತ್ತಿರಲಿಲ್ಲ.

ನಾಲ್ಕನೇ ಬೆಳಿಗ್ಗೆ
ಯಾರೋ ಫಾರ್ಮು ತುಂಬಿದರು. ಶೀಟಿನಲ್ಲಿ ಸಾಲು ತಾನೇ ಮೂಡಿತು,
ಸಾಲಿನ ಬೆನ್ನಿಗೆ ಬಿಲ್ಲು, ಬಿಲ್ಲಿನ ಬೆನ್ನಿಗೆ
ಪ್ರಿಂಟರು ನಾಲಿಗೆ ಚಾಚಿತು, ಕೊರಿಯರ್ ಚೀಟಿ.
ಮುರಿಗೆಪ್ಪಣ್ಣ ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿ ನೋಡಿದ.
‘ಲಾಳಿ ಒಗದಂಗಾತಲ್ಲವಾ,’ ಅಂದ,
‘ಒಗಿಯೋ ಕೈ ಎಲ್ಲೈತಿ?’

ಹಳೇ ಬಾಕಿಯನ್ನೂ ಶೀಟಿಗೆ ಏರಿಸಿದ್ದೆ.
ಖಾತೆಯಲ್ಲಿ ಕೆಲವು ಹೆಸರಿನ ಮುಂದೆ ಕೆಂಪು ಚುಕ್ಕಿ,
ಮಸಿ ಸಿಡಿದದ್ದೆಂದು ಬಿಟ್ಟಿದ್ದೆ.
ಸೋಮವಾರ ರಾತ್ರಿ ಒಂಬತ್ತಕ್ಕೆ
ನಾನು ರೊಟ್ಟಿ ಮುರಿಯುವಾಗ
ತಗಾದೆ ಹೊರಟಿತು, ಇನ್ನೂರಾ ಆರು ಮಂದಿಗೆ,
ಒಂದೇ ಉಸಿರಿಗೆ.

‘ಆ ಚುಕ್ಕಿ,’ ಅಂದ ಮುರಿಗೆಪ್ಪಣ್ಣ, ದನಿ ಏರಿಸದೆ,
‘ಕೇಳಬ್ಯಾಡ ಅಂತ.’
ಬೆರಳಿಟ್ಟು ಓದಿದ.
ಇವನ ಮಗ್ಗ ಸುಟ್ಟಿತ್ತು.
ಈಕಿ ಮಗಳನ್ನ ಬಾಣಂತನದಾಗ ಕಳಕೊಂಡ್ಳು.
ಇವ ನನಗ ರಕ್ತ ಕೊಟ್ಟಾನ, ಲೆಕ್ಕ ಮುಗೀತು.
ಇದು ಯಾಕೋ, ನನಗೂ ನೆನಪಿಲ್ಲ.
ಒಟ್ಟು ಹತ್ತೊಂಬತ್ತು ಚುಕ್ಕಿ.
ಆರು ಕಾಲಮ್ಮಿನಲ್ಲಿ ಒಂದಕ್ಕೂ ನಾನು ಜಾಗ ಇಟ್ಟಿರಲಿಲ್ಲ.

ಮರುದಿನ ಕಮತಗಿಯ ಮೊದಲ ಬಸ್ಸಿಗೆ
ಪರವ್ವ ಗಾಣಿಗೇರ ಬಂದಳು,
ಸಂತೆಯಿಂದ ಸಂತೆಗೆ ಖಣ ಹೊತ್ತು ಮಾರಿದಾಕೆ.
ಚುಕ್ಕಿಗಳಲ್ಲಿ ಅವಳದೇ ಹಳೆಯದು.
ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ
ಸಾವಿರದ ಎಂಟುನೂರಾ ನಲವತ್ತರಲ್ಲಿ
ಮುನ್ನೂರು ಎಣಿಸಿಟ್ಟಳು ಗಾಜಿನ ಮೇಲೆ.
ಮುರಿಗೆಪ್ಪಣ್ಣ ಎದ್ದೇ ಬಿಟ್ಟ:
‘ತಪ್ಪಾಗೈತಿ ಯವ್ವಾ. ಮಷೀನು ಕಳಿಸೈತಿ.’

‘ಮಷೀನಿಗಾದ್ರೂ ನೆನಪೈತಲ್ಲ.
ಹನ್ನೊಂದು ವರ್ಷ ನೀ ಕೇಳಲಿಲ್ಲ.
ನಾ ಬಂದ್ರ ಆ ಕಡೆ ಹೊಳ್ಳಿ ಥಾನು ಮಡಚತಿದ್ದಿ.
ಸತ್ತಾರ ಲೆಕ್ಕಕ್ಕ ಹಾಕೀಯೇನೋ ಅನಕೊಂಡಿದ್ದೆ.
ಮೊಮ್ಮಗಳು ಓದಿ ಹೇಳಿದ್ಳು,
ಮಾನ್ಯ ಪರವ್ವ ಅವರೇ, ಅಂತ ಐತಂತ.’

ಆ ‘ಮಾನ್ಯ’ವನ್ನು ನಾನು ಎಲ್ಲಿಂದಲೋ
ನಕಲು ಹೊಡೆದು ಅಂಟಿಸಿದ್ದೆ.

ಹೋಗುವಾಗ ಹತ್ತು ಖಣ ಎತ್ತಿಕೊಂಡಳು, ಶಿವದಾರದ್ದು.
‘ಉದ್ರಿ ಬರಕೊ,’ ಎಂದಳು ನನಗೆ, ಅವನಿಗಲ್ಲ.

ಉಳಿದ ಹದಿನೆಂಟು ಮಂದಿ ಬರಲಿಲ್ಲ.
ಇಬ್ಬರು ನಮ್ಮ ನಂಬರು ಬ್ಲಾಕು ಮಾಡಿದ್ದಾರೆ.

ಸಂಜೆ ಏಳನೇ ಕಾಲಮ್ಮು ಎಳೆದೆ.
‘ಚುಕ್ಕಿ ಇದ್ದವರಿಗೆ ರೊಕ್ಕದ ಮಾತು ತಗೀ,’ ಅಂದ ಮುರಿಗೆಪ್ಪಣ್ಣ,
‘ಅಂಗಡಿ ಕಡೆ ಬರ್ರಿ, ಅನ್ನು. ಸಾಕು.’
ಎಷ್ಟು ದಿನಕ್ಕೊಮ್ಮೆ, ಎಂದೆ.
ಆ ಮನೆಗೆ ಅಂಕಿ ಬೇಕೇ ಬೇಕು, ಅಕ್ಷರ ಒಪ್ಪುವುದಿಲ್ಲ.
ಅವನು ಜೇಬಿನ ಕೆಂಪು ಪೆನ್ನು ಮುಟ್ಟಿ ನೋಡಿಕೊಂಡ.
‘ನೆನಪಾದಾಗ.’

ಮೂವತ್ತು ಎಂದು ಹಾಕಿದ್ದೇನೆ,
ಸದ್ಯಕ್ಕೆ.