ಬೇಡದ್ದು ತೆಗೆದು

ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು.
ಇದನ್ನು ಗಿರಾಕಿಗಳಿಗೆ ತಿಳಿಸುವುದು ಕಷ್ಟ.
ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಸುರಿದ ಹಾಗಲ್ಲ ಸ್ವಾಮಿ,
ಅಂದು ಓಡಿದ ವೇಗದಲ್ಲೇ ಇಂದೂ ಓಡಬೇಕು,
ಧಾರೆಗೆ ಧಾರೆಯಷ್ಟೇ ಹೊತ್ತು,
ನೀವು ಮರೆತ ಚಿಕ್ಕಪ್ಪ ಕೆಮ್ಮಿದರೆ ಆ ಕೆಮ್ಮಿಗೂ.

ಮುರಿಗೇಶ ಗಡಿಯಾರ ನೋಡಿಕೊಂಡ.
‘ಅಕ್ಕನ ಮದುವಿ. ಇಪ್ಪತ್ತೊಂದು ವರ್ಷ ಆತು.
ಬೇಡದ್ದು ತೆಗೆದು ನೀಟಾಗಿ ಮಾಡ್ಕೊಡ್ರಿ’ ಅಂದು
ಮೆಟ್ಟಿಲಿಳಿದ, ಕೆಳಗಿನ ಅಂಗಡಿಯ
ಮೆಣಸಿನಕಾಯಿ ಬಾಣಲೆಯ ಘಾಟಿನೊಳಕ್ಕೆ.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹೆಡ್ಡು ಒರೆಸಿದೆ.
ದಾವಣಗೆರೆಯಲ್ಲಿ ಮಿಲ್ಲುಗಳು ಹೋದರೂ
ಹತ್ತಿಗೇನೂ ಬರವಿಲ್ಲ.
ವೈರು ಹಳೆಯದು, ಅದನ್ನು ಒಪ್ಪುವ ಕಂಪ್ಯೂಟರೂ ಹಳೆಯದು,
ಮೂರನೆಯವನು ನಾನು.

ನೀಲಿ ಪರದೆ. ನಾಲ್ಕಾರು ಚೌಕದ ಚೂರು.
ಆಮೇಲೆ ಪಿ.ಬಿ. ರೋಡಿನ ಛತ್ರ, ಬಾಸಿಂಗ,
ಗಂಡಿನವರ ಸಫಾರಿ ಸೂಟು.
ನನ್ನದೇ ಕೈ, ಆಗಿನ್ನೂ ನಡುಗದ ಕೈ,
ಜೂಮು ಮಾಡಿ ಮಾಡಿ ಮೂಗುತಿ ಹುಡುಕುತ್ತಿದೆ.

ನಲವತ್ತೊಂದನೆಯ ನಿಮಿಷಕ್ಕೆ
ಚಿತ್ರ ಅಡ್ಡಬಿತ್ತು.
ಆಫ್ ಆಯಿತೆಂದು ತಿಳಿದು ಕುರ್ಚಿಯ ಮೇಲಿಟ್ಟು
ಹೋಗಿದ್ದೇನೆ, ಎಲ್ಲಿಗೋ, ಬೀಡಿಗೋ.
ಲೆನ್ಸಿನ ತುಂಬ ಜಮಖಾನೆಯ ಅಂಚು,
ಒಂದು ಮಗುವಿನ ಚಪ್ಪಲಿ, ಎಡಗಾಲಿನದು.
ಆಚೆ ಹೆಣ್ಣಿನ ಕೋಣೆ, ಬಳೆ, ಪೌಡರ್ ಡಬ್ಬಿಯ ಮುಚ್ಚಳ,
ಮತ್ತೆ ಒಂದು ದನಿ, ನೀಲಾಂಬಿಕೆಯದು,
ಮೂರು ತಾಸಿನ ವಿಡಿಯೋದಲ್ಲಿ ಎಲ್ಲೂ ಬಾಯಿ ಬಿಡದವಳದು:

‘ಲೇ ಹಾಲಮ್ಮ, ಆ ಕ್ಯಾಮೆರಾದ ಹುಡುಗ್ಗ
ಯಾರಾದ್ರೂ ಊಟಕ್ಕಿಕ್ಕಿದ್ರೇನೇ?
ಬೆಳಗಿಂದ ನಿಂತೇ ಐತಿ, ಪಾಪ.’

ಸಾವಿರದ ಮೇಲೆ ಮದುವೆ ತೆಗೆದಿದ್ದೇನೆ.
ಎಲ್ಲ ಪಂಕ್ತಿ ಎದ್ದ ಮೇಲೆ ತಣ್ಣನೆಯ ಅನ್ನ,
ತಳ ಹತ್ತಿದ ಸಾರು, ಅದೇ ರೂಢಿ.
ಅವತ್ತು ಮಾತ್ರ ಯಾರೋ ಅಜ್ಜಿ ಕೈ ಹಿಡಿದೆಳೆದು
ಮೊದಲ ಪಂಕ್ತಿಗೇ ಕೂರಿಸಿ ಎರಡು ಹೋಳಿಗೆ ಹಾಕಿದ್ದಳು,
ತುಪ್ಪ ಮಣಿಕಟ್ಟಿಗೆ ಇಳಿದಿತ್ತು.
ಬಾಕಿಯಲ್ಲಿ ಮುರಿದುಕೊಳ್ಳಲು ಸವರುತ್ತಿದ್ದಾರೆ ಅಂದುಕೊಂಡೆ.
ಮುರಿದುಕೊಳ್ಳಲಿಲ್ಲ.

ಆಗ ಮಿಕ್ಸಿಂಗು ಹುಬ್ಬಳ್ಳಿಯಲ್ಲಿ. ಅಲ್ಲಿಯವನು ಯಾರೋ
ಚಪ್ಪಲಿ ಕಂಡೊಡನೆ ಕತ್ತರಿಸಿ
ಸಂದಿಯಲ್ಲಿ ಒಂದು ಗುಲಾಬಿ ತಿರುಗಿಸಿ
ಮುಂದೆ ಹೋಗಿದ್ದಾನೆ.

ನಾಲ್ಕು ನಿಮಿಷ ಹದಿನೈದು ಸೆಕೆಂಡು.
ಇದನ್ನೇ ಅಲ್ಲವೆ ಮುರಿಗೇಶ ಬೇಡದ್ದು ಅಂದದ್ದು?
ಮೌಸಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ,
ಕರೆಂಟು ಹೋಯಿತು.
ಯುಪಿಎಸ್ಸು ಎರಡು ಸಲ ಕೂಗಿ ಸುಮ್ಮನಾಯಿತು.
ಇನ್ನು ಮತ್ತೆ ಮೊದಲಿನಿಂದ.

ಮೆಟ್ಟಿಲ ತುದಿಗೆ ಬಂದು ಮಂಡಕ್ಕಿ ಕೂಗಿದೆ.
ಅಂಗಡಿಯ ಹುಡುಗ ಕತ್ತಲಲ್ಲೇ ತಂದಿಟ್ಟ.
ಉಂಡೇನೋ, ಅಂದೆ.
ಯಾಕಣ್ಣ, ಅಂತ
ಒಂದು ಮೆಟ್ಟಿಲು ಹಿಂದೆ ಸರಿದು ನಿಂತ.