ಮೂಲದ ಬೂದು

ಮೊದಲು ಹಸಿರು ಬಂತು. ಯಾರೋ ಗೇಟಿಗೆ ಬಳಿದು
ಉಳಿದ ಡಬ್ಬಿಯದ್ದು, ಬ್ರಷ್ಷಿನ ಕೂದಲೂ ಅದರಲ್ಲೇ ಅಂಟಿ.
ಹಸಿರಿನ ಕೆಳಗೆ ಕರಿ. ಕರಿಯ ಕೆಳಗೆ ಬೆಳ್ಳಿ,
ಗಾಡಿ ಟ್ಯಾಕ್ಸಿಯಾಗಿದ್ದ ಕಾಲದ್ದು:
ಕಾರ್ಕಳಕ್ಕೆ ತಲೆಗೆ ಒಂದೂವರೆ ರೂಪಾಯಿ,
ಆರು ಜನದ ಜಾಗದಲ್ಲಿ ಹನ್ನೊಂದು.
ಜೆಪ್ಪುವಿನ ಶೆಡ್ಡಿನಲ್ಲಿ, ನಲವತ್ತೆಂಟರ ಶೆವ್ರೊಲೆಯ
ಆರು ಸಿಲಿಂಡರಿನ ಮುಂದೆ ಕೂತು
ಒಂದೊಂದೇ ಸುಲಿದೆ,
ಹಲಸಿನ ಮೇಣ ಬಿಡಿಸುವ ಹಾಗೆ, ಕೈಗೆ ಎಣ್ಣೆ ಹಚ್ಚಿಕೊಂಡು.

ವಾಟರ್ ಪಂಪಿನ ಹಿಂದೆ, ಯಾರ ಬ್ರಷ್ಷೂ ಹೋಗದಲ್ಲಿ,
ಉಗುರಗಲ ಸಿಕ್ಕಿತು ಮೂಲದ ಬಣ್ಣ.
ಬೂದು.
ಬರೇ ಬೂದು ಅಂದರೆ ಆಗಲಿಲ್ಲ. ಬಾಳಿಗಾ ಡಾಕ್ಟರಮ್ಮ
ಕನ್ನಡಕ ಹಣೆಗೇರಿಸಿ ಕೇಳಿದರು, ಎಂಥ ಬೂದು?
ಬಂಗುಡೆಯ ಬೆನ್ನಿಗೂ ಹೊಟ್ಟೆಗೂ ನಡುವಿನದ್ದಾ?
ಅಲ್ಲ, ಅದರಲ್ಲಿ ಹಸಿರು ಉಂಟು.
ಒಲೆಯ ಬೂದಿಯಾ? ತೆಂಗಿನ ಗರಿಯದ್ದೋ, ಗೇರುಸಿಪ್ಪೆಯದ್ದೋ?
ಹದಿನೇಳು ತಗಡಿನ ತುಂಡಿಗೆ ಹದಿನೇಳು ಬೂದು ಬಳಿದು
ಬಿಸಿಲಿಗಿಟ್ಟೆವು. ಒಂದರ ಮೇಲೆ ಕಾಗೆ ತನ್ನದೂ ಸೇರಿಸಿತು.
ಹದಿಮೂರನೆಯದು ಹೊಂದಿತು:
ಆಟಿಯ ಎರಡನೇ ವಾರದ ಉಳ್ಳಾಲದ ಕಡಲು,
ಮಧ್ಯಾಹ್ನದ ಮೇಲೆ.

ಬಳಿಯಲು ಬಂದದ್ದು ಬಂದರಿನ ಇದಿನಬ್ಬ.
ಮೂವತ್ತು ವರ್ಷ ದೋಣಿಯ ಮೂತಿಗೆ ಹೆಸರು ಬರೆದ ಕೈ.
ಗೆರೆ ಮುಗಿಯದೆ ಉಸಿರು ಬಿಡುವವನಲ್ಲ.
ಅಷ್ಟು ಚಂದ ಬೇಡ ಮಾರಾಯ, ಅಂದೆ.
ಅಲ್ಲಿ ಕಾರ್ಖಾನೆಯಲ್ಲಿ ಎಂಜಿನುಗಳು ಸಾಲಾಗಿ
ನೇತಾಡಿಕೊಂಡು ಬರುತ್ತಿದ್ದವು,
ಒಬ್ಬ ಸ್ಪ್ರೇ ಗನ್ನು ಹಿಡಿದು ನಿಂತಿದ್ದ, ಒಂದೊಂದಕ್ಕೆ ಅರ್ಧ ನಿಮಿಷ.
ಗ್ಯಾಸ್ಕೆಟ್ಟಿಗೂ ಹಾರಿತ್ತು, ಬೋಲ್ಟಿಗೂ ಹಾರಿತ್ತು,
ಎಡಬದಿಯ ಕೆಳಗೆ ಬಣ್ಣ ಇಳಿದು ಎರಡು ಹನಿಯಾಗಿ ನಿಂತಿತ್ತು.
ಆ ಹನಿಯೂ ಬೇಕು. ತೀರ್ಪುಗಾರರು ಟಾರ್ಚು ಬಿಟ್ಟು ನೋಡುತ್ತಾರೆ.

ಇದಿನಬ್ಬ ಬೀಡಿ ಕೆಳಗಿಟ್ಟ.
ಕೆಟ್ಟದಾಗಿ ಬಳಿಯಲಿಕ್ಕೆ ನಿಮಗೆ ನಾನೇ ಬೇಕಿತ್ತಾ?
ಮೂರು ಸಲ ನೋಡಿದ. ಮೂರು ಸಲವೂ ಕೈ
ಅಂಚಿಗೆ ಬಂದು ತಾನಾಗಿ ನಿಂತಿತು,
ಹುಣಿ ಕಂಡ ಎತ್ತಿನ ಹಾಗೆ.
ನಾಲ್ಕನೆಯ ಸಲ ನಾನು ಗಡಿಯಾರ ಹಿಡಿದು ಬೈಯತೊಡಗಿದೆ,
ಬೇಗ, ಬೇಗ, ಹಿಂದೆ ಇನ್ನೊಂದು ಬರ್ತಾ ಉಂಟು,
ಸಂಬಳ ಹಿಡೀತೇನೆ ಬೇವರ್ಸಿ!
ಇಳಿಯಿತು ಹನಿ. ಎರಡಲ್ಲ, ಮೂರು.
ಗನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಕೇಳಿದ:
ಪಾಪ, ಅವನ ಹೆಸರೆಂತ?

ಒಂದು ವಿಷಯ ಡಾಕ್ಟರಮ್ಮನಿಗೆ ಹೇಳಿಲ್ಲ.
ಬ್ಲಾಕಿನ ಬಲಬದಿ, ಸ್ಟಾರ್ಟರಿನ ಹಿಂದೆ
ಉಳಿಯಲ್ಲಿ ಕುಟ್ಟಿದ ಒಂದು 'ಸಿ', ಸೊಟ್ಟ. ಪಕ್ಕದಲ್ಲಿ ೬೩.
ಸಿಪ್ರಿ ಬಾಪ್ಪು. ನನ್ನ ಕೈಗೆ ಸ್ಪ್ಯಾನರು ಕೊಟ್ಟವರು,
ಅದರಿಂದಲೇ ಮಂಡೆಗೂ ಕೊಟ್ಟವರು.
ಪಿಸ್ಟನ್ ರಿಂಗು ಎಲ್ಲೂ ಸಿಗದ ವರ್ಷ
ಹಂಚಿನ ಕಾರ್ಖಾನೆಯ ಪಂಪಿನ ರಿಂಗು ಅರೆದು ಕೂರಿಸಿ
ಈ ಗಾಡಿಯನ್ನು ಮತ್ತೆ ಕಾರ್ಕಳ ಹತ್ತಿಸಿದವರು.
ಕೈಪಿಡಿಯಲ್ಲಿ ಆ ಅಕ್ಷರ ಇಲ್ಲ.
ಪುಟ್ಟಿ ತುಂಬಿ ಉಜ್ಜಿ ಬಳಿಯಬೇಕು.
ಪುಟ್ಟಿ ಕಲಸಿದೆ. ತಗಡಿನ ಮೇಲೆ ಅದು ಕಲ್ಲಾಗುವವರೆಗೆ
ನೋಡುತ್ತಾ ಕೂತೆ.
ಮತ್ತೆ ಬರೀ ಬಣ್ಣ, ತೆಳ್ಳಗೆ, ಒಂದೇ ಕೈ.
ಬೆರಳಾಡಿಸಿದರೆ ಈಗಲೂ ಸಿಗುತ್ತದೆ.

ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಮೂಲದಲ್ಲಿ ಬಣ್ಣವಿಲ್ಲ.
ಬೀಡುಕಬ್ಬಿಣ, ಬತ್ತಲೆ. ಹಾಗೇ ಬಿಟ್ಟು ಮಲಗಿದೆ.
ಬೆಳಿಗ್ಗೆ ಬಾಗಿಲು ತೆರೆದರೆ ಅದಕ್ಕೆ ಹಂಚಿನ ಕೆಂಪು,
ಪುಡಿಪುಡಿ. ರಾತ್ರಿ ಕಡಲಿನ ಗಾಳಿ ಬಂದು
ಬೋಲ್ಟು ಗ್ಯಾಸ್ಕೆಟ್ಟು ನೋಡದೆ ಬಳಿದು ಹೋಗಿದೆ,
ಅವಸರದಲ್ಲಿ.
ಹತ್ತು ಗಂಟೆಗೆ ಡಾಕ್ಟರಮ್ಮ ಬರುತ್ತಾರೆ.
ಉಪ್ಪುಕಾಗದ ಎಲ್ಲಿಟ್ಟೆನೋ,
ಹುಡುಕುತ್ತಾ ಇದ್ದೇನೆ.