ಅರುವತ್ತೆರಡು ಸಾವಿರ

ಫೀಸು ಹದಿನೆಂಟು ಸಾವಿರದ ಆರುನೂರು ಎಂದೆ.
ಅಮ್ಮ ಮೊರದಿಂದ ತಲೆಯೆತ್ತಲಿಲ್ಲ.
'ಅರುವತ್ತೆರಡು ಸಾವಿರ' ಎಂದಳು.
ಅವಳ ಮಗ್ಗಿ ಬೀಡಿಯದು.

ತಲಪಾಡಿಯಾಚೆ ಕಾಲೇಜು,
ಈಚೆ ರೇಷನ್ ಕಾರ್ಡು.
ಅವರು: ನೀನು ಕೇರಳದವಳಲ್ಲವಾ, ಅಲ್ಲಿ ಕೇಳು.
ಇವರು: ಓದುವುದು ಅಲ್ಲಿ ತಾನೆ, ಅಲ್ಲೇ ಕೇಳು.
ನಡುವಿನ ಟೋಲ್‌ಗೇಟು ಮಾತ್ರ
ಯಾರನ್ನೂ ಆಚೆ ಅಟ್ಟದೆ
ಎರಡೂ ಕಡೆಯವರಿಂದ ವಸೂಲು ಮಾಡುತ್ತದೆ.

ವಿಲೇಜಾಫೀಸಿನ ವರಮಾನ ಪತ್ರ ಮಲಯಾಳದಲ್ಲಿ.
ಅದರೊಳಗೆ ಅಮ್ಮ ಸುಗಂದಿ,
ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಸುಗಂಧಿ,
ಆಧಾರಿನಲ್ಲಿ ಸುಗಂಧಿನಿ ಕೆ.
ಹೊಸಂಗಡಿಯ ಅಕ್ಷಯ ಕೇಂದ್ರದ ಖಲೀಲ್
ಈ ಮೂರು ಹೆಂಗಸರನ್ನು ಒಬ್ಬಳಾಗಿಸಲು
ಎರಡು ಮಧ್ಯಾಹ್ನ ಕೂತ.
ಎಷ್ಟಾಯಿತು ಎಂದರೆ,
'ಪರೀಕ್ಷೆ ಮುಗಿಸಿ ಬಾ, ನನ್ನ ತಂಗಿಗೆ ಲೆಕ್ಕ ಹೇಳಿಕೊಡಲಿಕ್ಕುಂಟು.'

ಬೀಡಿ ಕಾರ್ಮಿಕರ ಮಕ್ಕಳು:
ಆ ಚೌಕಕ್ಕೆ ಗುರುತು ಹಾಕುವಾಗ
ನನ್ನ ಬೆರಳಿಗೂ ತಂಬಾಕಿನ ವಾಸನೆ;
ಬೆಳಗ್ಗೆ ಎರಡು ಕಟ್ಟಿಗೆ ನೂಲು ಸುತ್ತಿ ಬಂದಿದ್ದೆ.
ಮಂಗಳೂರು ರೈಲಿನಲ್ಲಿ ಚೀಲದಡಿ ಅಡಗುವ ಕೈ
ಅಂದು ಮೇಜಿನ ಮೇಲೇ ಇತ್ತು.

ದೀಪಾವಳಿ ಕಳೆದು
ಫೋನು ಒಮ್ಮೆ ನಡುಗಿತು:
ಖಾತೆಗೆ ಒಂದು ರೂಪಾಯಿ ಜಮೆ.
'ಖಾತೆ ಸರಿ ಉಂಟಾ ಅಂತ ನೋಡುವುದಮ್ಮ,
ಉಳಿದದ್ದು ಮತ್ತೆ ಬರಬಹುದು.'
ಅಮ್ಮನ ಕತ್ತರಿ ನಿಂತಿತು, ಒಂದೇ ಗಳಿಗೆ.
'ಮೂರು ಬೀಡಿ' ಎಂದಳು,
'ನಾಲ್ಕನೆಯದಕ್ಕೆ ಎಲೆ ಕತ್ತರಿಸಿದ ಹಾಗೆ.'